ಮೂತಿ ಲಾರಿಗೆ ಬಂದ ಗಿರಾಕಿಗಳು

ನಾನು ಗಾಡಿಗಳ ಸೀಟು ಹೊಲಿಯುವವಳು. ಚಳ್ಳಕೆರೆಯಲ್ಲಿ ಈ ಕೆಲಸ ಮಾಡುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ. ಅಪ್ಪ ಲಾರಿ ಸೀಟು ಹೊಲಿಯುತ್ತಿದ್ದರು. ಗಂಡುಮಕ್ಕಳಿಲ್ಲದ್ದರಿಂದ ಸೂಜಿ, ದಬ್ಬಳ, ರೆಕ್ಸಿನ್ ಎಲ್ಲ ನನ್ನ ಕೈಗೆ ಬಂದವು. ಮದುವೆಯಾದದ್ದೂ ಪಕ್ಕದ ಶೆಡ್ಡಿನವರನ್ನೇ. ನನ್ನ ಗಂಡ ಟಿಂಕರ್ ಕೆಲಸದವರು. ನೆಗ್ಗಿದ ತಗಡು ಬಡಿದು ಸರಿಮಾಡಿ, ಉಜ್ಜಿ, ಬಣ್ಣ ಹೊಡೆಯುತ್ತಾರೆ. ಗಾಡಿಯ ಹೊರಗಿನದು ಅವರದು, ಒಳಗಿನದು ನನ್ನದು ಎಂದು ಮೂವತ್ತು ವರ್ಷ ನಡೆಸಿಕೊಂಡು ಬಂದೆವು.

ಅಮೇರಿಕದ ಹಳೆಯ ಗಾಡಿಗಳು ನಮ್ಮ ಕೈಗೆ ಹೇಗೆ ಬಂದವು ಎಂದು ಜನ ಕೇಳುತ್ತಾರೆ. ಅದರಲ್ಲಿ ದೊಡ್ಡ ಕಥೆ ಏನಿಲ್ಲ. ಊರಿನಲ್ಲಿ ಎಣ್ಣೆ ಮಿಲ್ಲುಗಳು ಜೋರಾಗಿದ್ದ ಕಾಲದಲ್ಲಿ ಮಾಲೀಕರು ಕೊಂಡ ಉದ್ದನೆಯ ಕಾರುಗಳು, ಮುಂದೆ ಮೂತಿ ಚಾಚಿಕೊಂಡ ಲಾರಿಗಳು ಮಿಲ್ಲುಗಳ ಹಿಂದೆ ಜಾಲಿಗಿಡದ ಮಧ್ಯೆ ನಿಂತಿದ್ದವು. ಒಂದು ಸಲ ಬೆಂಗಳೂರಿನವರೊಬ್ಬರು ಅಂಥ ಒಂದು ಕಾರನ್ನು ಹುಡುಕಿಕೊಂಡು ಬಂದು, ನಮ್ಮ ಕೈಯಲ್ಲೇ ರಿಪೇರಿ ಮಾಡಿಸಿ ತೆಗೆದುಕೊಂಡು ಹೋದರು. ಆ ಕಾರಿನ ಫೋಟೋ ಫೋನಿನಿಂದ ಫೋನಿಗೆ ಹೋಯಿತು. ಆಮೇಲೆ ಇನ್ನೊಂದು ಕಾರು, ಒಂದು ಜೀಪು, ಮತ್ತೊಂದು ಕಾರು. ಅವೆಲ್ಲ ಬೇರೆಯವರ ಗಾಡಿಗಳು, ನಮ್ಮದು ಬರೀ ಕೂಲಿ. ಕೊನೆಯದೊಂದನ್ನು ಮಾತ್ರ ನಾವೇ ಕೊಂಡು, ನಾವೇ ಮಾಡಿ, ನಾವೇ ಮಾರಲು ಹೊರಟೆವು. ಈಗ ಹೇಳುತ್ತಿರುವುದು ಅದನ್ನೇ.

ಅದು ಪರಶುರಾಂಪುರದ ಕಡೆ ಮುಚ್ಚಿಹೋದ ಒಂದು ಮಿಲ್ಲಿನ ಲಾರಿ. ಎರಡು ಭಾಗದ ಮುಂಗಾಜು, ಕಪ್ಪೆಯ ಕಣ್ಣಿನಂಥ ದೀಪಗಳು, ಒಬ್ಬ ಮನುಷ್ಯ ಮಲಗಬಹುದಾದಷ್ಟು ಉದ್ದದ ಬಾನೆಟ್ಟು. ಮರದ ಬಾಡಿ ಗೆದ್ದಲು ತಿಂದು ಹೋಗಿತ್ತು. ನೆತ್ತಿಯ ಮೇಲೆ ‘ಗೌರಸಮುದ್ರ ಮಾರಮ್ಮ’ ಎಂಬ ಅಕ್ಷರ ಮಾತ್ರ ಅರ್ಧ ಉಳಿದಿತ್ತು. ನನ್ನ ಗಂಡ ಅದನ್ನು ಮೂರು ಸಲ ಸುತ್ತು ಹಾಕಿ ನೋಡಿ, ಬಾಗಿಲ ಮೇಲೆ ಅಂಗೈ ಇಟ್ಟು, “ತಗಡು ಗಟ್ಟಿ ಐತೆ” ಎಂದರು. ಅವರು ಹಾಗೆಂದರೆ ಮುಗಿಯಿತು. ಬೇಡ ಎನ್ನುವುದಕ್ಕೆ ನನಗೂ ಮನಸ್ಸಾಗಲಿಲ್ಲ.

ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಹಗಲು ಟ್ರ್ಯಾಕ್ಟರು, ಆಟೋಗಳ ಕೆಲಸ. ಸಂಜೆ ನಾಲ್ಕರ ಮೇಲೆ ಈ ಲಾರಿ. ಅವರು ಒಂದರ ಮೇಲೊಂದು ಬಳಿದಿದ್ದ ಬಣ್ಣಗಳನ್ನು ಕೆರೆದು ಕೆರೆದು ಕೊನೆಗೆ ತಳದ ಹಸಿರು ಕಂಡುಹಿಡಿದರು. ಹುಣಿಸೆ ಚಿಗುರಿಗೂ ಹಳೆಯ ತಾಮ್ರದ ಕಿಲುಬಿಗೂ ನಡುವಿನ ಬಣ್ಣ. ಅದನ್ನೇ ಮತ್ತೆ ಹೊಂದಿಸಬೇಕೆಂದು ಒಂದು ತಿಂಗಳು ಡಬ್ಬಿಗಳಲ್ಲಿ ಕಲೆಸುತ್ತಾ ಕೂತರು. ನಾನು ಸೀಟು ಬಿಚ್ಚಿದೆ. ನಾರು, ಸ್ಪ್ರಿಂಗು, ಕುರಿಯ ಉಣ್ಣೆ, ಶೇಂಗಾ ಸಿಪ್ಪೆ, ಒಂದು ಬೀಡಿಕಟ್ಟಿನ ಕಾಗದ ಎಲ್ಲ ಸಿಕ್ಕವು. ಡ್ರೈವರ್ ಕೂರುವ ಕಡೆ ಸ್ಪ್ರಿಂಗುಗಳು ಬಲಕ್ಕೆ ಒರಗಿ ಕುಸಿದಿದ್ದವು. ಅಪ್ಪ ಹೇಳುತ್ತಿದ್ದರು, ಸೀಟು ಬಿಚ್ಚಿದರೆ ಕೂತವನ ಸೊಂಟ ಕಾಣುತ್ತದೆ ಎಂದು. ಈ ಲಾರಿಯಲ್ಲಿ ಕೂತವನು ವರ್ಷಗಟ್ಟಲೆ ಬಲಗಡೆ ಭಾರ ಹಾಕಿ, ನೋಯುತ್ತಾ ಕೂತಿದ್ದ ಎಂದು ನನಗೆ ಆಗಲೇ ಗೊತ್ತಾಯಿತು.

ಆ ಮನುಷ್ಯ ಒಂದು ದಿನ ತಾನೇ ಬಂದ. ಮೊಳಕಾಲ್ಮುರಿನಿಂದ ಬಸ್ಸಿನಲ್ಲಿ ಬಂದು, ಕೋಲೂರಿಕೊಂಡು, ಎಡಗಾಲು ಎಳೆಯುತ್ತಾ ಶೆಡ್ಡಿನ ಮುಂದೆ ನಿಂತ. ಎಪ್ಪತ್ತು ದಾಟಿದ ಮುದುಕ, ತಲೆಗೆ ಟವೆಲ್ಲು. ನಿಂತಾಗಲೂ ಮೈ ಬಲಕ್ಕೇ ವಾಲಿತ್ತು.

“ಯಾರೋ ಫೋನಿನಾಗೆ ತೋರಿಸಿದ್ರು ಕಣಮ್ಮಾ. ನಮ್ಮ ಬಂಡಿ ಇಲ್ಲೈತಂತೆ,” ಎಂದ.

“ನೀವು ಇದನ್ನ ಓಡಿಸ್ತಿದ್ರಾ?” ಎಂದು ಕೇಳಿದೆ.

“ಇಪ್ಪತ್ತೆರಡು ವರ್ಷ.”

ಶೇಂಗಾ, ಹಿಂಡಿ, ಒಮ್ಮೊಮ್ಮೆ ಕಂಬಳಿ ಮೂಟೆ ಹೇರಿಕೊಂಡು ರಾಯದುರ್ಗ, ಬಳ್ಳಾರಿ, ದಾವಣಗೆರೆ ಎಂದು ತಿರುಗಿದ್ದನಂತೆ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲಿನ ಶಕ್ತಿ ಹೋಗಿತ್ತು. ಅವನು ಲಾರಿಯನ್ನು ಮುಟ್ಟಿ ಅಳಲೂ ಇಲ್ಲ, ನಗಲೂ ಇಲ್ಲ. ಸ್ಟೂಲಿನ ಮೇಲೆ ಕೂತು, ಟೀ ಕುಡಿದು, ನನ್ನ ಗಂಡನಿಗೆ ಉಪಯೋಗಕ್ಕೆ ಬರುವ ಮಾತು ಹೇಳಿದ. ಮೂರನೇ ಗೇರಿಗೆ ಹಾಕುವಾಗ ಗೇರಿನ ಕಡ್ಡಿಯನ್ನು ಒಮ್ಮೆ ನಡುವೆ ನಿಲ್ಲಿಸಬೇಕು, ಇಲ್ಲದಿದ್ದರೆ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಚಳಿಗಾಲದಲ್ಲಿ ಕಾರ್ಬುರೇಟರಿನ ಮೇಲೆ ಬಿಸಿನೀರಿನ ಬಟ್ಟೆ ಇಡಬೇಕು. ಅಂದಿನಿಂದ ವಾರಕ್ಕೊಮ್ಮೆ ಬರತೊಡಗಿದ. ಎಂಜಿನ್ನು ಮೊದಲ ಸಲ ಕೆಮ್ಮಿ ಹೊತ್ತಿಕೊಂಡ ದಿನವೂ ಇದ್ದ. ನನ್ನ ಗಂಡ ಹೆಮ್ಮೆಯಿಂದ ಅವನ ಮುಖ ನೋಡಿದರು. ಅವನು, “ಟೈಮಿಂಗು ಸ್ವಲ್ಪ ಹಿಂದೈತೆ,” ಎಂದಷ್ಟೇ ಹೇಳಿದ.

ಲಾರಿ ಸಿದ್ಧವಾದ ಮೇಲೆ ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದವಳು ನಾನು. ಹತ್ತು ಫೋಟೋ ತೆಗೆದು, ಕನ್ನಡದಲ್ಲಿ ಬರೆದೆ. ಎಂಜಿನ್ನು ಹಳೆಯದೇ, ಬಣ್ಣ ಮೊದಲಿದ್ದ ಹಸಿರೇ, ಸೀಟು ನಾರು ತುಂಬಿ ಕೈಯಲ್ಲೇ ಹೊಲಿದದ್ದು, ಮರದ ಬಾಡಿ ಬಿಟ್ಟರೆ ಬೇರೆ ಯಾವುದನ್ನೂ ಬದಲಿಸಿಲ್ಲ. ಇದನ್ನೆಲ್ಲ ಓದಿದರೆ ಜನ ಓಡಿ ಬರುತ್ತಾರೆಂದು ನಂಬಿದ್ದೆ.

ಜನ ಬಂದರು. ಬಂದರು ಎನ್ನುವುದಕ್ಕಿಂತ ಬರುತ್ತಲೇ ಇದ್ದರು. ಹೈದರಾಬಾದಿನಿಂದ, ಹುಬ್ಬಳ್ಳಿಯಿಂದ, ಕೇರಳದಿಂದ. ಬಾಗಿಲು ತೆಗೆದು ಹಾಕಿ, ಹಾರ್ನ್ ಒತ್ತಿ, ಸ್ಟೀರಿಂಗ್ ಹಿಡಿದು ಫೋಟೋ ತೆಗೆಸಿಕೊಂಡು, “ಎಷ್ಟು ಮೈಲೇಜ್ ಕೊಡುತ್ತೆ?” ಎಂದು ಕೇಳಿ ಹೋದರು. ಮದುವೆಗೆ ಮೊದಲಿನ ಫೋಟೋ ತೆಗೆಸುವ ಒಂದು ಜೋಡಿ ಅರ್ಧ ದಿನ ಬಾನೆಟ್ಟಿನ ಮೇಲೆ ಕೂತಿತ್ತು. ಹುಡುಗಿಯ ಚಪ್ಪಲಿಯ ಹಿಮ್ಮಡಿ ತಗುಲಿ ಬಣ್ಣದಲ್ಲಿ ಗೀರು ಬಿತ್ತು. ಇನ್ನೊಬ್ಬ ಬಂದವನು ಬಣ್ಣ ನೋಡಿ ಮುಖ ಸೊಟ್ಟ ಮಾಡಿ, “ಇಷ್ಟು ಹೊಸದಾಗಿ ಕಾಣಬಾರದು. ತುಕ್ಕು ಹಿಡಿದ ಹಾಗೆ ಬಣ್ಣ ಮಾಡಿಕೊಡ್ತೀರಾ? ಈಗ ಅದೇ ಫ್ಯಾಷನ್ನು,” ಎಂದ. ನನ್ನ ಗಂಡನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಪ್ರತಿ ಗಿರಾಕಿಗೂ ಒಂದೇ ಕೆಲಸ. ಲಾರಿಯ ಮೇಲಿನ ಧೂಳು ಒರೆಸಬೇಕು. ನಮ್ಮ ಊರಿನ ಗಾಳಿಗೆ ಒರೆಸಿದ ಅರ್ಧ ಗಂಟೆಗೆ ಮತ್ತೆ ಕೂರುತ್ತದೆ. ಬ್ಯಾಟರಿ ಕಟ್ಟಬೇಕು, ಎಂಜಿನ್ನು ಶುರು ಮಾಡಬೇಕು, ಅದೇ ಪ್ರಶ್ನೆಗೆ ಅದೇ ಉತ್ತರ ಹೇಳಬೇಕು, ಟೀ ತರಿಸಬೇಕು. ಒಂದು ವರ್ಷದಲ್ಲಿ ಎಷ್ಟು ಸಲ ಹೀಗೆ ಮಾಡಿದೆವೋ ಲೆಕ್ಕವಿಲ್ಲ. ಮೊದಮೊದಲು ಯಾರಾದರೂ ಫೋನ್ ಮಾಡಿ ಬರುತ್ತೇವೆಂದರೆ ನಾನು ಸೀರೆ ಬದಲಿಸುತ್ತಿದ್ದೆ. ಆಮೇಲಾಮೇಲೆ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತುವುದನ್ನೂ ಬಿಟ್ಟೆ. ನನ್ನ ಗಂಡ ಮಾತ್ರ ಪ್ರತಿ ಸಲವೂ ಎದ್ದು, ಬಟ್ಟೆ ಹಿಡಿದು, ಮೂತಿಯಿಂದ ಒರೆಸಲು ಶುರು ಮಾಡುತ್ತಿದ್ದರು. ಅವರ ಬಲಭುಜ ಆಗಲೇ ಮೇಲಕ್ಕೆ ಏಳುತ್ತಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಬಾನೆಟ್ಟಿನ ಮೇಲಿಟ್ಟು ಒರೆಸುವುದನ್ನು ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಹೇಳಿದರೆ ಸಿಟ್ಟಾಗುತ್ತಿದ್ದರು.

ಅನಂತಪುರದ ಕಡೆಯ ಗ್ರಾನೈಟ್ ವ್ಯಾಪಾರಿ ಬಂದದ್ದು ಆ ಹೊತ್ತಿನಲ್ಲಿ. ಐವತ್ತರ ಆಸುಪಾಸಿನ, ಮೆತ್ತನೆ ಮಾತಿನ ಮನುಷ್ಯ. ಫೋಟೋ ತೆಗೆಯಲಿಲ್ಲ. ಲಾರಿಯ ಕೆಳಗೆ ಬಗ್ಗಿ ನೋಡಿದ, ಬಾಗಿಲ ಅಂಚಿಗೆ ಬೆರಳಾಡಿಸಿದ, “ಚಾಲಾ ಬಾಗುಂದಿ ಅನ್ನಾ, ಬಹಳ ಚೆನ್ನಾಗಿ ಮಾಡಿದೀರಿ,” ಎಂದ. ಹತ್ತಿ ಕೂತು ಸ್ಟೀರಿಂಗ್ ತಿರುಗಿಸಲು ನೋಡಿ ಇಳಿದುಬಿಟ್ಟ.

“ತಗೊಳ್ತೀನಿ. ಆದ್ರೆ ಹಿಂಗಲ್ಲ. ಪವರ್ ಸ್ಟೀರಿಂಗ್ ಬೇಕು, ಎ.ಸಿ. ಬೇಕು, ಕ್ಲಚ್ಚಿಲ್ಲದ ಗೇರು ಬೇಕು. ಎಂಜಿನ್ ಹೊಸದು ಹಾಕಿ. ಮೇಲಿಂದು ಹಿಂಗೇ ಇರ್ಲಿ,” ಎಂದ.

“ಅಷ್ಟೆಲ್ಲ ಬೇಕಾದ್ರೆ ಹೊಸ ಗಾಡಿನೇ ತಗಳ್ರಿ,” ಎಂದರು ನನ್ನ ಗಂಡ.

“ಹೊಸವು ನಾಕು ಅದಾವೆ ಅನ್ನಾ. ಇದರಾಗೆ ನಾನು ನಮ್ಮಮ್ಮನ್ನ ಕೂರಿಸಿಕೊಂಡು ತಿರುಗಬೇಕು. ಅವರ ಮಂಡಿ ಸರಿಯಿಲ್ಲ, ನನ್ನ ಸೊಂಟ ಸರಿಯಿಲ್ಲ.”

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನನ್ನ ಗಂಡ ಯೋಚಿಸಿ ಹೇಳುತ್ತೇನೆಂದು ಕಳಿಸಿದರು. ಆಮೇಲೆ ಮೂರು ದಿನ ನನ್ನ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. “ಒಳಗಿಂದೆಲ್ಲ ಕಿತ್ತಾಕಿದ್ರೆ ಉಳಿಯೋದೇನು? ಬರೀ ಡಬ್ಬಿ,” ಎಂದು ಒಮ್ಮೆ ಗೊಣಗಿದರು. ನನಗೆ ಆ ಲಾರಿ ಶೆಡ್ಡಿನಿಂದ ಹೊರಗೆ ಹೋದರೆ ಸಾಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ನಾಲ್ಕನೇ ದಿನ ಮಳೆಮೋಡ ಕಂಡಿತು. ಅವರು ಲಾರಿಯನ್ನು ಹಿಂದಕ್ಕೆ ತೆಗೆದು ಸೂರಿನ ಕೆಳಗೆ ನಿಲ್ಲಿಸಲು ಹತ್ತಿದರು. ನಾನು ಹಿಂದೆ ನಿಂತು ಬರಲಿ ಬರಲಿ ಎನ್ನುತ್ತಿದ್ದೆ. ಸ್ಟೀರಿಂಗ್ ತಿರುಗಿಸುವ ಮಧ್ಯದಲ್ಲಿ ಅವರ ಭುಜ ಕೈಕೊಟ್ಟಿತು. ಲಾರಿ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಗೋಡೆಗೆ ಉಜ್ಜಿಕೊಂಡು ನಿಂತಿತು. ಇಳಿದು ಬಂದು ನೋಡಿದರು. ಮುಂದಿನ ಮಡ್‌ಗಾರ್ಡಿನ ಬಣ್ಣ ಮೊಳದುದ್ದ ಕಿತ್ತುಹೋಗಿ ತಗಡು ಬೆಳ್ಳಗೆ ಕಾಣುತ್ತಿತ್ತು.

“ಏನಾತು?” ಎಂದೆ.

“ಕೈ ಬರ್ಲಿಲ್ಲ.”

ಅಲ್ಲೇ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತರು. “ಅನಂತಪುರದವನಿಗೆ ಫೋನ್ ಮಾಡು. ಮಾಡಿಕೊಡ್ತೀವಿ ಅನ್ನು,” ಎಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ. ಅವರು ಟೀ ತರಿಸು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದರು.

ಮುದುಕ ಡ್ರೈವರಿಗೆ ಇದನ್ನು ಹೇಳಬೇಕಿತ್ತು. ಅವನು ಮೂರು ವಾರದಿಂದ ಬಂದಿರಲಿಲ್ಲ. ಬಂದ ದಿನ ಎಂಜಿನ್ನಿಲ್ಲದ ಲಾರಿ ಕಂಡರೆ ಏನಾಗುತ್ತಾನೋ ಎಂಬ ಅಳುಕು. ನನ್ನ ಗಂಡ ನೀನೇ ಹೋಗಿ ಬಾ ಎಂದರು. ಬೆಳಗಿನ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಕಿಟಕಿಯ ಹೊರಗೆ ಬಂಡೆಗುಡ್ಡಗಳು, ಕುರಿಹಿಂಡುಗಳು ಹಿಂದೆ ಸರಿಯುತ್ತಿದ್ದವು.

ಅವನ ಮನೆ ಕೇಳಿ ಹುಡುಕಿದೆ. ಮುಂದಿನ ಕೋಣೆಯಲ್ಲಿ ಮಗ ಮಗ್ಗದ ಗುಂಡಿಯಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ಮುದುಕ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಜ್ವರ ಬಂದು ಬಿಟ್ಟಿತ್ತಂತೆ, ಇಳಿದುಹೋಗಿದ್ದ. ನಾನು ನೀರು ಕುಡಿದು, ಅದು ಇದು ಮಾತಾಡಿ, ಕೊನೆಗೆ ಹೇಳಿದೆ.

“ಲಾರಿ ಒಬ್ಬರು ತಗೊಳ್ತಿದಾರೆ. ಆದ್ರೆ ಎಂಜಿನ್ನು, ಗೇರುಪೆಟ್ಟಿಗೆ, ಸ್ಟೀರಿಂಗು ಎಲ್ಲ ತೆಗೆದು ಹೊಸದು ಹಾಕಿಸ್ತಾರಂತೆ. ನಮ್ಮ ಮನೆಯವರಿಗೂ ಬ್ಯಾಸರನೇ. ಏನ್ ಮಾಡೋದು, ಒಪ್ಪಿಕೊಂಡ್ವಿ.”

ಅವನು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡ. “ಸ್ಟೀರಿಂಗು ಹಗುರ ಆಗ್ತೈತಾ?”

“ಒಂದು ಬೆರಳಲ್ಲಿ ತಿರುಗಿಸಬಹುದಂತೆ.”

“ಕ್ಲಚ್ಚೂ ಇರಲ್ವಾ?”

“ಇರಲ್ಲ.”

ಅವನು ನಗತೊಡಗಿದ. ಸದ್ದಿಲ್ಲದ ನಗು, ಹೊಟ್ಟೆ ಮಾತ್ರ ಅಲುಗುತ್ತಿತ್ತು. “ಒಳ್ಳೇದಾತು ಬಿಡಮ್ಮಾ. ಆ ಕ್ಲಚ್ಚು ತುಳಿದು ತುಳಿದು ಈ ಕಾಲು ಲಕ್ವಕ್ಕೆ ಮೊದ್ಲೇ ಸತ್ತಿತ್ತು. ಮನೀಗೆ ಬಂದ್ರೆ ನನ್ನ ಹೆಂಡ್ತಿ ಬಿಸಿನೀರು ಹಾಕಿ ತಿಕ್ಕಬೇಕಿತ್ತು. ಬಲಭುಜ ನೋಡು, ಇವತ್ತಿಗೂ ಈ ಕಡೆ ಮಲಗಕ್ಕಾಗಲ್ಲ.”

“ಮತ್ತೆ ವಾರ ವಾರ ಬಂದು ಕೂರ್ತಿದ್ರಲ್ಲ?”

“ಮನೆಯಾಗೆ ಕೂತು ಕೂತು ಸಾಕಾಗಿತ್ತು. ನಿಮ್ಮತ್ರ ಬಂದ್ರೆ ಟೀ ಕೊಡ್ತಿದ್ರಿ, ಮಾತಾಡಿಸ್ತಿದ್ರಿ.” ಕಾಲು ನೀವಿಕೊಳ್ಳುತ್ತಾ, “ನಿಮ್ಮ ಯಜಮಾನ್ರು ಅಷ್ಟು ಪ್ರೀತಿಯಿಂದ ಮಾಡ್ತಿದ್ರು. ಅದರ ಮುಂದೆ ನಾನು ಹೆಂಗೆ ಹೇಳ್ಲಿ, ಈ ಬಂಡಿ ನನ್ನ ಮೈ ಮುರೀತು ಅಂತ,” ಎಂದ.

ಹೊರಡುವಾಗ ಕೇಳಿದ. “ಅಮ್ಮಾ, ಕ್ಲಚ್ಚಿಲ್ಲ ಅಂದ್ರೆ ಒಂದೇ ಕಾಲಾಗೆ ಓಡಿಸಬಹುದಲ್ಲಾ?”

“ಬಲಗಾಲು ಒಂದಿದ್ರೆ ಸಾಕಂತೆ,” ಎಂದೆ.

ನಾನು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಚಳ್ಳಕೆರೆಯವರೆಗೂ ನಿದ್ದೆ ಮಾಡಿದೆ.

ಬದಲಾವಣೆಯ ಕೆಲಸಕ್ಕೆ ಬಳ್ಳಾರಿಯಿಂದ ಒಬ್ಬ ಮೆಕ್ಯಾನಿಕ್ ಬಂದ. ಇದರಲ್ಲೇ ಪಳಗಿದವನು. ಇತ್ತೀಚಿನ ಯಾವುದೋ ಪಿಕಪ್ಪಿನ ಎಂಜಿನ್ನನ್ನು ಗೇರುಪೆಟ್ಟಿಗೆಯ ಸಮೇತ ಆ ಉದ್ದ ಮೂತಿಯೊಳಗೆ ಇಳಿಸಿದ. ಆ ಭಾಗಕ್ಕೆ ನನ್ನ ಗಂಡ ಕೈ ಹಾಕಲಿಲ್ಲ. ಗೋಡೆಗೆ ಉಜ್ಜಿದ ಮಡ್‌ಗಾರ್ಡನ್ನು ಮತ್ತೆ ಉಜ್ಜಿ, ಅದೇ ಹಸಿರನ್ನು ಮತ್ತೆ ಕಲೆಸಿ ಹೊಡೆದರು. ಒಂದೇ ಕೈಯಲ್ಲಿ, ಎಂಟು ದಿನ.

ನನ್ನ ಪಾಲಿಗೂ ಬಂತು. ಕೈಯಲ್ಲೇ ಹೊಲಿದಿದ್ದ ಆ ಸೀಟನ್ನು ಬಿಚ್ಚಬೇಕಾಯಿತು. ವ್ಯಾಪಾರಿಗೆ ಚರ್ಮದ ಹೊದಿಕೆ, ಒಳಗೆ ಫೋಮು, ಚೌಕುಳಿ ಹೊಲಿಗೆ ಬೇಕಿತ್ತು. ಬೇರೆಯವರ ಹೊಲಿಗೆ ಬಿಚ್ಚಿ ನನಗೆ ಅಭ್ಯಾಸ. ನನ್ನದೇ ಹೊಲಿಗೆಯನ್ನು, ಅದೂ ಒಬ್ಬರೂ ಕೂತು ಸವೆಸದ ಹೊಲಿಗೆಯನ್ನು ಬಿಚ್ಚಿದ್ದು ಅದೇ ಮೊದಲು. ದಾರ ಗಟ್ಟಿಯಾಗಿತ್ತು, ಬೇಗ ಬರಲಿಲ್ಲ. ಕತ್ತರಿ ಹಾಕಿ ಕತ್ತರಿಸಿ ಎಳೆದೆ. ಅಳು ಬರಲಿಲ್ಲ. ಕಣ್ಣು ಉರಿಯುತ್ತಿತ್ತು, ಅಷ್ಟೇ. ಹೊಸದನ್ನು ಹೊಲಿಯುವಾಗ ಕೂರುವ ಮುದುಕಿಯ ಮಂಡಿ ನೆನಪಾಗಿ, ಯಾರೂ ಹೇಳದಿದ್ದರೂ ಮುಂದಿನ ಅಂಚನ್ನು ಎರಡು ಬೆರಳು ತಗ್ಗಿಸಿದೆ.

ಎಲ್ಲ ಮುಗಿದ ವಾರ ಮುದುಕನನ್ನು ಕರೆಸಿದೆವು. ಅವನ ಲೈಸೆನ್ಸಿನ ಅವಧಿ ಮುಗಿದು ಎಷ್ಟು ಕಾಲವಾಗಿತ್ತೋ, ರಸ್ತೆಗೆ ಬಿಡುವಂತಿರಲಿಲ್ಲ. ಸಂತೆಯಿಲ್ಲದ ದಿನ ನೋಡಿ, ಕುರಿಸಂತೆಯ ಮೈದಾನಕ್ಕೆ ಮೆಕ್ಯಾನಿಕ್ ಲಾರಿ ತಂದ. ವ್ಯಾಪಾರಿಗೆ ಫೋನಿನಲ್ಲಿ ಕೇಳಿದಾಗ, “ಓಡಿಸಲಿ ಬಿಡಮ್ಮಾ, ಪರವಾಲೇದು,” ಎಂದಿದ್ದ.

ಹತ್ತಿಸುವುದೇ ಕಷ್ಟವಾಯಿತು. ಮೆಕ್ಯಾನಿಕ್ ಕೆಳಗಿನಿಂದ ಎತ್ತಿದ, ನಾನು ಆ ಕಡೆಯಿಂದ ಹತ್ತಿ ಕೈ ಹಿಡಿದೆಳೆದೆ. ಕೂತ ತಕ್ಷಣ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿತು. ಅದನ್ನು ತಾನೇ ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ಲಾರಿ ಹೊರಟಿತು. ಸದ್ದೇ ಇಲ್ಲ. ಕುರಿ ಹಿಕ್ಕೆ, ಒಣಹುಲ್ಲು, ಕಟ್ಟುವ ಗೂಟಗಳ ನಡುವೆ ಅಗಲವಾಗಿ ಒಂದು ಸುತ್ತು ಹಾಕಿದ. ಅಂಗೈಯನ್ನು ಸ್ಟೀರಿಂಗ್ ಮೇಲೆ ಬರೀ ಇಟ್ಟುಕೊಂಡಿದ್ದ, ಮಗುವಿನ ತಲೆಯ ಮೇಲೆ ಇಟ್ಟ ಹಾಗೆ. ಎ.ಸಿ. ಗಾಳಿಗೆ ಅವನ ಟವೆಲ್ಲಿನ ಅಂಚು ಅಲುಗುತ್ತಿತ್ತು.

“ಹೆಂಗೈತ್ರಿ?” ಎಂದೆ.

“ಚೆನ್ನಾಗೈತೆ,” ಎಂದ. ಇನ್ನರ್ಧ ಸುತ್ತು ಹೊಡೆದು, “ಆಗ ಹಿಂಗಿದ್ದಿದ್ರೆ ಇನ್ನೊಂದಿಷ್ಟು ವರ್ಷ ಓಡಿಸ್ತಿದ್ದೆ,” ಎಂದ.

ನನ್ನ ಗಂಡ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಎಡಗೈಯಲ್ಲಿ ಬಲಮೊಣಕೈ ಹಿಡಿದು ನಿಂತಿದ್ದರು. ಎರಡನೇ ಸುತ್ತಿನಲ್ಲಿ ಅವರ ಮುಂದೆಯೇ ಮುದುಕ ಲಾರಿ ನಿಲ್ಲಿಸಿ, ಕಿಟಕಿ ಇಳಿಸಿ, “ನೀವೂ ಒಂದು ರೌಂಡ್ ಹೊಡೀರಿ. ಭುಜ ನೋಯಲ್ಲ,” ಎಂದ.

“ಬ್ಯಾಡ ಬಿಡ್ರಿ. ನೀವೇ ಹೊಡೀರಿ.”

“ನನಗೆ ಇಷ್ಟು ಸಾಕು,” ಎಂದು ಮುದುಕ ಎಂಜಿನ್ನು ಆರಿಸಿದ. ಮೆಕ್ಯಾನಿಕ್ ಅವನನ್ನು ಹಿಡಿದು ಇಳಿಸಿಕೊಂಡ. ಬಸ್‌ಸ್ಟ್ಯಾಂಡಿನವರೆಗೆ ಆಟೋದಲ್ಲಿ ನಾನೇ ಬಿಟ್ಟು ಬಂದೆ. ಬಸ್ಸು ಹತ್ತುವಾಗ ಏನಾದರೂ ಹೇಳುತ್ತಾನೆಂದು ಕಾದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಯಾಗಿದ್ದ.

ಮರುದಿನ ಉದ್ದನೆಯ ಟ್ರೈಲರಿನ ಮೇಲೆ ಹೇರಿ ಲಾರಿಯನ್ನು ತೆಗೆದುಕೊಂಡು ಹೋದರು. ಬಳ್ಳಾರಿ ರಸ್ತೆ ತಿರುಗುವವರೆಗೂ ಅದರ ಹಸಿರು ಕಂಡಿತು. ಕೊಡಬೇಕಾದದ್ದನ್ನು ವ್ಯಾಪಾರಿ ಮಾತಿನಂತೆ ಕೊಟ್ಟ, ಆ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಲಾರಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು, ಅದರ ಮೇಲೆ ಮಣ್ಣು ಹಾಕಿದೆವು. ಹಳೆಯ ಎಂಜಿನ್ನನ್ನು ನನ್ನ ಗಂಡ ತಿಂಗಳೊಪ್ಪತ್ತು ತಾಡಪತ್ರಿ ಮುಚ್ಚಿ ಇಟ್ಟಿದ್ದರು. ಆಮೇಲೆ ಯಾರೋ ಕೇಳಿದರೆಂದು ಕೊಟ್ಟುಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ನಾನು ಫೋನು ನೋಡುತ್ತಿದ್ದಾಗ ಅದೇ ಲಾರಿ ಮತ್ತೆ ಮಾರಾಟಕ್ಕೆ ಬಂದಿರುವುದು ಕಣ್ಣಿಗೆ ಬಿತ್ತು. ಹಾಕಿದವರು ಬೇರೆ ಯಾರೋ, ಊರೂ ಬೇರೆ. ಫೋಟೋದಲ್ಲಿ ನಾನು ಸೀಟಿಗೆ ಹೊದಿಸಿ ಕಳಿಸಿದ್ದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಹೆಚ್ಚು ಓಡಿಸಿಲ್ಲ ಎಂದು ಬರೆದಿತ್ತು. ವ್ಯಾಪಾರಿಯ ತಾಯಿ ಅದರಲ್ಲಿ ಕೂತರೋ ಇಲ್ಲವೋ, ಅಷ್ಟರಲ್ಲಿ ಏನಾಯಿತೋ, ಗೊತ್ತಿಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಗಂಡನಿಗೆ ತೋರಿಸಿದೆ. ಅವರು ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ಮಡ್‌ಗಾರ್ಡನ್ನು ನೋಡಿ, “ಬಣ್ಣ ನಿಂತೈತೆ,” ಎಂದು ಫೋನು ವಾಪಸ್ ಕೊಟ್ಟರು.

ಅದಾಗಿ ಕೆಲವು ದಿನಕ್ಕೆ ಇಬ್ಬರು ಬಂದರು. ಹಿರಿಯೂರಿನ ಹತ್ತಿರ ತೋಟವೊಂದರಲ್ಲಿ ಹಿಂದೆ ರೆಕ್ಕೆಯಿರುವ ಅಮೇರಿಕದ ಕಾರು ಬಿದ್ದಿದೆ, ನೀವೇ ಮಾಡಿಕೊಡಬೇಕು ಎಂದರು. ಫೋಟೋ ತೋರಿಸಿದರು. ನನ್ನ ಗಂಡ ಕನ್ನಡಕ ಹಾಕಿಕೊಂಡು ಚೆನ್ನಾಗಿಯೇ ನೋಡಿದರು. ತಗಡು ಗಟ್ಟಿ ಐತೆ ಎಂದುಬಿಟ್ಟರೆ ಇನ್ನೆರಡು ವರ್ಷ.

“ಒಳ್ಳೆ ಗಾಡಿ,” ಎಂದರು. “ಆದ್ರೆ ನನ್ನ ಕೈಲಿ ಆಗಲ್ಲ. ಬಳ್ಳಾರಿಯಾಗೆ ಒಬ್ಬ ಹುಷಾರಿನವನು ಅದಾನೆ, ನಂಬರ್ ಕೊಡ್ತೀನಿ.”

ಬಂದವರು ಒತ್ತಾಯ ಮಾಡಿದರು. ನನ್ನ ಗಂಡ ಮತ್ತೊಮ್ಮೆ ಅದನ್ನೇ ಹೇಳಿದರು, ದನಿ ಏರಿಸದೆ. ಬಂದವರು ಹೋದ ಮೇಲೆ ಅವರು ನನ್ನ ಹತ್ತಿರ ಬಂದು, “ಸ್ವಲ್ಪ ಅಡ್ಡಾಗ್ತೀನಿ,” ಎಂದರು. ಮೂವತ್ತು ವರ್ಷದಲ್ಲಿ ಮಧ್ಯಾಹ್ನ ಅವರು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಗಿರಾಕಿಯೊಬ್ಬರು ಬಿಟ್ಟುಹೋಗಿದ್ದ ಬಸ್ಸಿನ ಸೀಟನ್ನು ಗೋಡೆ ಪಕ್ಕ ಉದ್ದಕ್ಕೆ ಹಾಸಿಕೊಟ್ಟೆ. ಎಡಮಗ್ಗುಲಾಗಿ ಮಲಗಿ, ಬಲಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಎರಡು ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದರು. ಹೊರಗಿನ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ನಾನು ಎದ್ದು ಹೋಗಿ ಶಟರನ್ನು ಅರ್ಧ ಇಳಿಸಿ, ಒಂದು ಟ್ರ್ಯಾಕ್ಟರ್ ಸೀಟಿನ ಹೊಲಿಗೆ ಉಳಿದಿತ್ತು, ಅದನ್ನು ಮೆಷಿನ್ನಿನ ಸದ್ದಾಗದಂತೆ ಕೈಯಲ್ಲೇ ಹಾಕುತ್ತಾ ಕೂತೆ.